ಮದ್ದು ತುಂಬುವ ಪ್ರೆಸ್ಸು

ಗುರುಲಿಂಗ ಗೋಣಿಚೀಲದಿಂದ ಎರಡನೆಯ ಪ್ರೆಸ್ಸನ್ನೂ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಮಹಾಂತಮ್ಮ ಒಲೆಯನ್ನು ಆರಿಸಿಯೇಬಿಟ್ಟಳು.

"ಒಲಿ ಮಗ್ಗಲದಾಗ ಕುಂತು ರಿವಾಲ್ವರಿನ ತೂಟಾಕ್ಕ ಮದ್ದು ತುಂಬ್ತೀರೇನು? ನಿಮ್ಮಿಬ್ಬರಿಗೂ ತಲಿ ನೆಟ್ಟಗ ಐತಿಲ್ಲೊ?"

"ಮದ್ದು ಇನ್ನೂ ತಂದಿಲ್ಲಕ್ಕ. ಮೊದ್ಲು ಮಾವ ಪ್ರೆಸ್ ಆರಿಸ್ಲಿ," ಎಂದ ಅವಳ ತಮ್ಮ ಗುರುಲಿಂಗ. ಗದ್ವಾಲದಲ್ಲಿ ಅವನದು ಲೇತ್ ಅಂಗಡಿ. ಕಬ್ಬಿಣ ಕಣ್ಣಿಗೆ ಬಿದ್ದರೆ ಸಾಕು, ಆಮೇಲೆ ಅವನಿಗೆ ಅಕ್ಕನೂ ಕಾಣುವುದಿಲ್ಲ, ಕಾನೂನೂ ಕಾಣುವುದಿಲ್ಲ.

ಮಹಾಂತಮ್ಮನ ಗಂಡ ಅಯ್ಯಣ್ಣ ಎರಡನ್ನೂ ಮುಟ್ಟಿ ನೋಡಿದ. ಒಂದು ಗಿಡ್ಡನೆಯದು, ಹಿಡಿ ಎಳೆದರೆ ಒಂದು ಸಲಕ್ಕೆ ಒಂದೇ ಕೆಲಸ. ಇನ್ನೊಂದಕ್ಕೆ ತಿರುಗುವ ತಟ್ಟೆ ಇತ್ತು.

"ತಟ್ಟಿದು ಭಾಳ ಜಲ್ದಿ ಮಾವ. ಎಳದಂಗೆಲ್ಲ ಒಂದೊಂದು ತಯಾರು. ಆದ್ರ ನಡುವ ಒಂದ್ರಾಗ ಮದ್ದು ಬೀಳದಿದ್ರ ಗೊತ್ತಾಗಂಗಿಲ್ಲ. ಸಣ್ಣದು ತಡ, ಖರೆ ಒಂದೊಂದೂ ಕಣ್ಣಿಲೆ ನೋಡಿ ಬಿಡಬಹುದು," ಎಂದ ಗುರುಲಿಂಗ.

ಇಂಥದ್ದನ್ನು ಮನೆಯಲ್ಲಿ ಮಾಡಿ ಸಿಕ್ಕಿಬಿದ್ದರೆ ರಿವಾಲ್ವರಿನ ಲೈಸೆನ್ಸು ಹೋಗುವುದಲ್ಲದೆ ತಾನೂ ಜೈಲಿಗೆ ಹೋಗುತ್ತೇನೆ ಎಂಬುದು ಅಯ್ಯಣ್ಣನಿಗೆ ತಿಳಿಯದ್ದೇನಲ್ಲ. ಮಕ್ತಲ್ ಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬಾಳಿದವನು. ಕೃಷ್ಣೆಯ ಉಸುಕು ಕದಿಯುವ ಲಾರಿಯವರು ಕಾವಲುಗಾರನೊಬ್ಬನನ್ನು ಹೊಡೆದದ್ದನ್ನು ಕಣ್ಣಾರೆ ಕಂಡು, ಗದ್ವಾಲದ ಕೋರ್ಟಿನಲ್ಲಿ ಕಂಡಷ್ಟನ್ನೂ ಹೇಳಿಬಂದಿದ್ದ. ಆ ಲಾರಿಗಳ ಮಾಲೀಕ ಅಂಜನಕುಮಾರ್ ಈಗ ಜಾಮೀನಿನ ಮೇಲೆ ಹೊರಗೆ ಬಂದಿದ್ದಾನೆ. ನಿನ್ನೆ ಅವನ ಕಡೆಯವನೊಬ್ಬ ಅಂಗಡಿಗೆ ಬಂದು, ಏನನ್ನೂ ಕೊಳ್ಳದೆ, "ಅಂತಾ ಬಾಗೇನಾ ಅನ್ನಾ?" ಎಂದು ನಗುತ್ತ ತೆಲುಗಿನಲ್ಲಿ ಕುಶಲ ಕೇಳಿ ಹೋಗಿದ್ದ. ಅವನು ಹೋದೊಡನೆ ಅಯ್ಯಣ್ಣ ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಬಂದಿದ್ದ.

ಅಪ್ಪನ ಕಾಲದ ರಿವಾಲ್ವರ್ ಇದೆ ಎಂಬುದೊಂದೇ ಧೈರ್ಯವಾಗಿತ್ತು. ಇವತ್ತು ಬೆಳಿಗ್ಗೆ ಹೊಲಕ್ಕೆ ಹೋಗಿ ಹಾರಿಸಿ ನೋಡಿದರೆ ಒಂದು ಹಾರಿತು, ಉಳಿದವು ಟಿಕ್ ಎಂದು ಸುಮ್ಮನಾದವು. ಹೊಸ ಗುಂಡು ಕೊಳ್ಳಲು ಅನುಮತಿ ಬೇಕು, ಅರ್ಜಿ ಹೋದಲ್ಲೇ ಮಲಗಿತ್ತು. ಮನೆಯಲ್ಲಿ ಹಾರಿಸಿದ ತೂಟಾಗಳ ಖಾಲಿ ಕೊಳವೆಗಳಿಗೆ ಮಾತ್ರ ಬರವಿರಲಿಲ್ಲ, ಅಪ್ಪ ಒಂದನ್ನೂ ಎಸೆದವನಲ್ಲ. ಅವಕ್ಕೇ ಮತ್ತೆ ಮದ್ದು ತುಂಬಲೆಂದು ಭಾವಮೈದುನನನ್ನು ಕರೆಸಿದ್ದ.

ಗುರುಲಿಂಗ ಹಾರದ ಗುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಉಗುರಿನಿಂದ ಬುಡವನ್ನು ಕೆರೆದ. ಕೆಂಪಗೆ ಏನೋ ಉದುರಿತು. ಮೂಸಿದ.

"ಮಾವ, ಇವಕ್ಕ ಎಣ್ಣಿ ಹಚ್ಚೀರೇನ್ರಿ?"

"ಆಯುಧಪೂಜಿಗೆ ಹಚ್ಚಬೇಕಲ್ಲ! ನಮ್ಮಪ್ಪ ಹಚ್ಚತಿದ್ದ, ನಾನೂ ಹಚ್ಚತೀನಿ."

ಅವನು ವರ್ಷವೂ ತಪ್ಪದೆ ಹಿತ್ತಾಳೆಯ ತಟ್ಟೆಯಲ್ಲಿ ಗುಂಡುಗಳನ್ನು ಸಾಲಾಗಿ ಇಟ್ಟು, ನೀರೆರೆದು, ಎಣ್ಣೆ ಸವರಿ, ವಿಭೂತಿ ಕುಂಕುಮ ಹಚ್ಚುತ್ತಿದ್ದ. ನವರಾತ್ರಿ ಮುಗಿಯುವ ತನಕ ಅವು ಘಟದ ಹಸಿ ಮಣ್ಣಿನ ಮಗ್ಗುಲಲ್ಲೇ ಇರುತ್ತಿದ್ದವು. ಅಂಥ ಭಕ್ತಿಗೆ ಯಾವ ಮದ್ದು ತಾನೇ ತಡೆದೀತು!

"ನೀರು, ಎಣ್ಣಿ ಎಲ್ಲಾ ಒಳಗ ಇಳದೈತ್ರಿ. ತಪ್ಪು ತೂಟಾದ್ದಲ್ಲ," ಎಂದ ಗುರುಲಿಂಗ. ನಗು ಬಂದಿತ್ತು, ಮಾವನ ಮುಖ ನೋಡಿ ನುಂಗಿಕೊಂಡ. "ಪ್ರೆಸ್ ಬ್ಯಾಡ ಮಾವ. ಹೊಸಾವು ಎಣ್ಣಿ ಹಚ್ಚದಿದ್ರ ಹಾರೇ ಹಾರ್ತಾವ, ಅವು ಬರೋತನ ತಡೀರಿ."

"ತಡಿ ಅಂತ ಆ ಅಂಜನಕುಮಾರಗ ಹೋಗಿ ಹೇಳು!" ಅಯ್ಯಣ್ಣ ಕಿರುಚಿದ. ಇಷ್ಟು ವರ್ಷ ಸತ್ತ ಗುಂಡು ತುಂಬಿಕೊಂಡು ಮೀಸೆ ತಿರುವಿದೆನಲ್ಲ ಎಂಬ ನಾಚಿಕೆ, ಅದಕ್ಕಿಂತ ದೊಡ್ಡ ಭಯ, ಎರಡೂ ಸೇರಿ ಅವನ ದನಿ ಒಡೆದಿತ್ತು. ತಟ್ಟೆಯ ಪ್ರೆಸ್ಸನ್ನು ತನ್ನತ್ತ ಎಳೆದುಕೊಂಡ. "ಇದಾ ಇರಲಿ. ಜಲ್ದಿ ಆಗ್ಬೇಕು ನನಗ."

ಅಷ್ಟರಲ್ಲಿ ಗೇಟಿನ ಹೊರಗೆ ಗಾಡಿಯೊಂದು ಬಂದು ನಿಂತಿತು.

ಮೂವರೂ ಬಾಗಿಲತ್ತ ತಿರುಗಿದರು. ಗೇಟಿನ ಚಿಲಕ ಸರಿಯಿತು. ಬಂದವರು ಕರೆಯಲಿಲ್ಲ, ಕೂಗಲಿಲ್ಲ, ಚಪ್ಪಲಿಯ ಸದ್ದು ನೇರ ಬಾಗಿಲಿಗೆ ಬಂತು. ಅಯ್ಯಣ್ಣ ಸೊಂಟದಿಂದ ರಿವಾಲ್ವರ್ ತೆಗೆದ. ಬೆಳಿಗ್ಗೆ ಹಾರಿಸದೆ ಉಳಿದ ಪೂಜೆಯ ಗುಂಡುಗಳನ್ನೇ ಅದರಲ್ಲಿ ತುಂಬಿಕೊಂಡಿದ್ದ.

"ರೀ, ಬ್ಯಾಡ್ರೀ," ಎಂದಳು ಮಹಾಂತಮ್ಮ.

ಬಾಗಿಲು ತೆರೆದುಕೊಂಡಿತು. ಹೊರಗಿನ ಬಿಸಿಲಿಗೆ ಬೆನ್ನು ಕೊಟ್ಟು ಕಪ್ಪು ಹೆಲ್ಮೆಟ್ಟೊಂದು ಒಳಗೆ ಬಂತು. ಕಣ್ಣು ಕಾಣಲಿಲ್ಲ, ಮುಖ ಕಾಣಲಿಲ್ಲ. ಹೆಗಲ ಚೀಲದೊಳಗೆ ಕೈ ಹೋಯಿತು.

ಅಯ್ಯಣ್ಣ ಟ್ರಿಗರ್ ಎಳೆದ. ಟಿಕ್. ಮತ್ತೆ ಎಳೆದ. ಟಿಕ್.

"ಅವ್ವಾ, ಕರೆಂಟ್ ಇಲ್ಲೇನು? ಕತ್ತಲಿ ಐತಿ, ಬಿಸಲಾಗಿಂದ ಬಂದ ಕಣ್ಣಿಗೆ ಏನೂ ಕಾಣವಲ್ದು." ಹೆಲ್ಮೆಟ್ ತೆಗೆದವಳು ಪದ್ಮಶ್ರೀ, ಉಟ್ಕೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವರ ಒಬ್ಬಳೇ ಮಗಳು. ಚೀಲದಿಂದ ಸೀತಾಫಲದ ಪೊಟ್ಟಣ ತೆಗೆದಳು. "ಬಸ್ ಬರ್ಲೇ ಇಲ್ಲ. ನಮ್ಮ ಆಸ್ಪತ್ರಿ ಶೈಲಜಾನ ಸ್ಕೂಟರ್ ಇಸ್ಕೊಂಡು ಬಂದೆ. ಅಪ್ಪ ಎಲ್ಲಿ?"

ಗುರುಲಿಂಗ ಗೋಣಿಚೀಲವನ್ನು ಎದೆಗವಚಿಕೊಂಡು ಗೋಡೆಗೆ ಒರಗಿ ನಿಂತಿದ್ದ. ಮಹಾಂತಮ್ಮ ಮಗಳಿಗೂ ಗಂಡನಿಗೂ ನಡುವೆ ಬಂದು, ಮಗಳಿಗೆ ಬೆನ್ನು ಮಾಡಿ ನಿಂತಳು.

"ಹಿತ್ತಲಿಗೆ ಹೋಗಿ ಕೈಕಾಲು ತೊಳಕೊಂಡು ಬಾರವ್ವ," ಎಂದಳು. ಪದ್ಮಶ್ರೀ ಹಿತ್ತಲಿಗೆ ಹೋದಳು, ನೀರು ಸುರಿಯುವ ಸದ್ದು ಕೇಳಿಸಿತು.

ಆಮೇಲೆ ಮಹಾಂತಮ್ಮ ಇನ್ನೂ ಚಾಚಿಕೊಂಡೇ ಇದ್ದ ಗಂಡನ ಕೈಯನ್ನು ಎರಡೂ ಕೈಗಳಿಂದ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ತೋರುಬೆರಳು ಮಾತ್ರ ಸುಲಭಕ್ಕೆ ಬರಲಿಲ್ಲ.