ಔಷಧ ಹೊಡೆಯುವ ಆಳು

ಹೀರೆ ಎಲೆಯಲ್ಲಿ ಎಲೆಗಿಂತ ತೂತೇ ಹೆಚ್ಚಿತ್ತು. ರತ್ನಮಾಲಾ ಅದನ್ನು ಕಿತ್ತು ಗಂಡನ ಮುಖದ ಮುಂದೆ ಹಿಡಿದಳು.

"ನೋಡ್ರಿ. ಇದರಾಗ ಏನ್ ಉಳದೈತಿ?"

ಭೀಮಗೊಂಡ ನೋಡಲಿಲ್ಲ. ಅವನ ಕಣ್ಣು ಕೈಲಿದ್ದ ಚೀಟಿಯ ಮೇಲಿತ್ತು. ಬರುವ ತಿಂಗಳು ಅವನು ನೌಕರಿಯಿಂದ ನಿವೃತ್ತ. ಮನೆ ಕಟ್ಟಿ ಹಿತ್ತಲು ಮಾಡಲು ಬೆಳಗಾವಿಯ ಮಹಾಂತೇಶ ನಗರವೋ, ಇಂದು ಜಾಗ ನೋಡಲು ಬಂದ ಈ ಖಾನಾಪುರವೋ ಎಂದು ಎರಡು ವಾರ ತೂಗಿ ತೂಗಿ ಬರೆದಿದ್ದ. ಅಲ್ಲಿ ನಳಕ್ಕೆ ಎರಡು ದಿನಕ್ಕೊಮ್ಮೆ ನೀರು, ಒಣಗಾಳಿ, ಎಲ್ಲವೂ ತುಟ್ಟಿ. ಇಲ್ಲಿ ಬೇಕಾದಷ್ಟು ಮಳೆ, ಎಲ್ಲವೂ ಸೋವಿ: ಅಕ್ಕಿ ಅಗ್ಗ, ಕಟ್ಟಿಗೆ ಅಗ್ಗ, ಜಾಗ ಅರ್ಧ ದರಕ್ಕೆ. ಹೆಂಡತಿಯನ್ನು ಮಾತ್ರ ಒಂದು ಮಾತು ಕೇಳಿರಲಿಲ್ಲ. ಬೆಳಗಾವಿಯ ಕ್ಯಾಂಪ್ ಬಡಾವಣೆಯ ಬಾಡಿಗೆ ಮನೆಯ ಹಿಂದೆ ಇಪ್ಪತ್ತೆಂಟು ವರ್ಷ ಮಣ್ಣು ಕೆದರಿದವಳು ಅವಳು. ಈ ಮಹಾಶಯ ಒಂದು ಕೊತ್ತಂಬರಿ ಬೀಜ ಊರಿದವನಲ್ಲ.

"ಹುಳಾ ಅಂತ ಬರದೇನಿ, ಇಲ್ನೋಡು," ಎಂದ ಬೆರಳಿಟ್ಟು. "ಅದಕ್ಕೂ ದಾರಿ ಐತಿ."

"ಯಾವ ದಾರಿ? ಕ್ಯಾಂಪಿನ್ಯಾಗ ದಿನಾ ಹತ್ತು ಹುಳಾ ಸಿಗತಾವು, ಆರಿಸಿ ಬೇಲಿ ಆಚಿ ಬಿಟ್ಟು ಬರತೇನಿ. ಇಲ್ಲೆ ಈ ಮಳಿಗೆ ಗಿಡಕ್ಕ ನೂರು ಅದಾವು. ಆರಸಾಕ ಆಗತೈತೇನ್ರೀ?"

ಜಾಗದ ಮಾಲಕ ದುಂಡಪ್ಪ ನಡುವೆ ಬಾಯಿ ಹಾಕಿದ. "ನೀವ್ಯಾಕ ಆರಸ್ತೀರಿ ಅಕ್ಕಾರ? ವಾರಕ್ಕೊಮ್ಮೆ ನಮ್ಮ ಸತ್ಯಪ್ಪ ಬಂದು ಔಷಧ ಹೊಡದು ಹೋಗ್ತಾನ. ಏ ಸತ್ಯಾ, ಹೊಡದು ತೋರ್ಸು!"

ಬರಿಮೈಯ ಬೆನ್ನಿಗೆ ಪಂಪು ಹೊತ್ತು ಐವತ್ತರ ಆಳೊಬ್ಬ ಬಂದ. ಪಂಪಿನ ತಳ ಸೋರಿ ಬಿಳಿ ನೀರು ಅವನ ಸೊಂಟಕ್ಕೆ ಇಳಿಯುತ್ತಿತ್ತು. ಚಪ್ಪರಕ್ಕೆ ಹೊಡೆದ. ಹುಳಗಳು ಪಟಪಟ ಉದುರಿ ಕೆಸರಿನಲ್ಲಿ ಹೊರಳಾಡಿದವು.

ಜೈನ ಮನೆತನದವನಾಗಿ ಬಟ್ಟೆಯಲ್ಲಿ ಸೋಸದೆ ನೀರು ಕುಡಿಯದ ಭೀಮಗೊಂಡ, ಹುಳವಿದ್ದೀತೆಂದು ಮಳೆಗಾಲದ ನಾಲ್ಕು ತಿಂಗಳು ಸೊಪ್ಪು ಮುಟ್ಟದ ಭೀಮಗೊಂಡ, ಅದನ್ನು ನೋಡಿ ತಲೆದೂಗಿದ.

"ನಾವೇನ ಹೊಡಿಯೂದಿಲ್ಲಲ್ಲಾ," ಎಂದ ಹೆಂಡತಿಗೆ ಮೆಲ್ಲಗೆ. "ಅಂವ ಹೊಡೀತಾನ. ಪಾಪ ನಮಗ ಹತ್ತೂದಿಲ್ಲ."

ರತ್ನಮಾಲಾಳ ಮೈಯೆಲ್ಲ ಉರಿದುಹೋಯಿತು. ಇಂಥವನಿಗೆ ದಿನಾ ನೀರು ಸೋಸಿ ಕೊಟ್ಟೆನಲ್ಲ ಎನ್ನಿಸಿತು. ಅವಳು ಆಳಿನ ಕಡೆ ತಿರುಗಿದಳು.

"ಕಣ್ಣು ಉರೀತಾವೇನಪಾ?"

"ಉರೀತಾವ್ರಿ ಅವ್ವಾರ. ಊಟಾನೂ ರುಚಿ ಹತ್ತೂದಿಲ್ಲ. ರೂಢಿ ಆಗೇತ್ರಿ."

"ಕೇಳಿದ್ರಿಲ್ಲೋ?" ಎಂದು ಗಂಡನಿಗೆ ಕೂಗಿದಳು. "ನಿಮ್ಮ ಚೀಟ್ಯಾಗ ಇಂವನ್ನ ಎಲ್ಲೆ ಬರದೀರಿ? ಸೋವಿ ಅನ್ನೂದರಾಗೋ, ಹುಳದಾಗೋ?"

"ಏ ರತ್ನಾ, ಮಂದಿ ಮುಂದ..."

"ಮಂದಿ ಮುಂದನ ಆಗ್ಲಿ!"

ಸತ್ಯಪ್ಪನ ಹೆಗಲಿನಿಂದ ಪಟ್ಟಿ ಜಾರಿಸಿ ಪಂಪನ್ನು ತಾನೇ ಎತ್ತಿ ತಂದಳು. ಗಂಡನ ಬೆನ್ನ ಹಿಂದೆ ನಿಂತು ಹಿಡಿದಳು. ಕಚೇರಿಗೆ ಹೊರಡುವಾಗ ಅವಳು ಹಿಡಿದ ಕೋಟಿಗೆ ತೋಳು ತೂರಿಸುತ್ತಿದ್ದ ರೂಢಿಯಲ್ಲೇ ಅವನು ಒಂದು ತೋಳು, ಆಮೇಲೆ ಇನ್ನೊಂದು ತೋಳು ತೂರಿಸಿಬಿಟ್ಟ. ಭಾರ ಬಿದ್ದ ಮೇಲೆಯೇ ಗೊತ್ತಾಯಿತು.

"ಹೊಡೀರಿ," ಎಂದಳು. "ಒಂದ ಗಿಡಕ್ಕ ಹೊಡೀರಿ. ಇಲ್ಲೇ ಮನಿ ಕಟ್ಟೂಣು. ನಾ ಒಲ್ಲೆ ಅನ್ನೂದಿಲ್ಲ."

ಸತ್ಯಪ್ಪ ಹಸಿ ಬೆನ್ನನ್ನು ಚಪ್ಪರದ ಕಂಬಕ್ಕೆ ಉಜ್ಜಿಕೊಳ್ಳುತ್ತ ನಿಂತ.

ಭೀಮಗೊಂಡನ ಎದುರಿಗೆ ಬದನೆ ಗಿಡವಿತ್ತು. ಅದರ ಎಲೆಯಂಚನ್ನು ತಿನ್ನುತ್ತ ಒಂದು ಹಸಿರು ಹುಳ ನಿಧಾನವಾಗಿ ಸಾಗಿತ್ತು. ಕೊಳವೆ ಹಿಡಿದು ಅವನು ಅದನ್ನೇ ನೋಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಬೆನ್ನಿನಿಂದ ಸೊಂಟದವರೆಗೆ ತೊಯ್ಯತೊಡಗಿತು.