ಬಯಲಾಗಿ ಉಳಿದ ಅಂಕಣ

ಚೈತ್ರದ ಮಧ್ಯಾಹ್ನ. ಶೇವಂತಿ ಮನೆಯ ಸ್ಲ್ಯಾಬಿನ ಮೇಲೆ ಹತ್ತಿ, ಕೊಡದಿಂದ ನೀರು ಸುರಿಯುತ್ತಿದ್ದಳು. ಬಿದ್ದ ನೀರಿನಿಂದ ಹಬೆ ಏಳುತ್ತಿತ್ತು. ಇನ್ನೊಂದು ಕೊಡ ಹೊತ್ತು ತರುವಷ್ಟರಲ್ಲಿ ಜಾಗ ಒಣಗಿರುತ್ತಿತ್ತು. ಕೆಳಗೆ ಪಡುವಣ ಕೋಣೆಯಲ್ಲಿ ಮಗಳು ರೇಷ್ಮಾ ಮಲಗಿದ್ದಳು, ಹಸಿ ಬಾಣಂತಿ. ಕರೆಂಟು ಹೋಗಿತ್ತು. ಕೂಸಿನ ಮೈತುಂಬ ಬೆವರುಗುಳ್ಳೆ. ಬೆಳಗಿನಿಂದ ಅದು ಮೊಲೆ ಹಿಡಿದಿರಲಿಲ್ಲ, ಅತ್ತು ಅತ್ತು ದನಿಯೂ ಸಣ್ಣಗಾಗಿತ್ತು.

"ಸಾಕ ಮಾಡ, ನೋಡಿದವರು ಏನಂದಾರು?" ಎಂದು ಗಂಡ ಗೂಳಪ್ಪ ಅಂಗಳದಿಂದ ಕೂಗಿದ.

"ರೊಟ್ಟಿ ಬಡದು ಇಲ್ಲೇ ಒಗದ್ರ ಬೇಯ್ತಾವ ನೋಡ್ರಿ. ಒಲಿ ಹಚ್ಚೂದರ ತಪ್ಪತೈತಿ," ಎಂದಳು ಶೇವಂತಿ.

ಗೂಳಪ್ಪ ಜಮಖಂಡಿ-ಮುಧೋಳ ಬಸ್ಸಿನ ಕಂಡಕ್ಟರ್. ಹಳೆಯ ಊರು ಆಲಮಟ್ಟಿಯ ಹಿನ್ನೀರಿಗೆ ಹೋದಾಗ ಊರವರಿಗೆಲ್ಲ ಬೀಳಗಿಯ ಕಡೆ ಹೊಸ ಜಾಗ ಸಿಕ್ಕಿತ್ತು. ಅಲ್ಲಿ ಎದ್ದ ಮೊದಲ ಸ್ಲ್ಯಾಬಿನ ಮನೆ ಅವನದೇ. ಮನೆಯ ನಾಲ್ಕೂ ಕಡೆ ಅಡ್ಡಾಡುವಂತಿರಬೇಕು, ಯಾರ ಗೋಡೆಯೂ ತನ್ನ ಗೋಡೆಗೆ ತಾಗಬಾರದು ಎಂಬುದು ಅವನ ಬಹುದಿನದ ಆಸೆ. ಪಡುವಣದ ಜಾಗ ತಮ್ಮ ಚನಮಲ್ಲಪ್ಪನ ಪಾಲಿಗೆ ಬಂದಿತ್ತು.

"ಅಣ್ಣಾ, ಊರಾಗ ಇದ್ದಂಗ ನಿನ್ನ ಗ್ವಾಡಿಗೆ ಹಚ್ಚಿ ಕಟ್ಟಲೇನು? ಎರಡೂ ಮನಿ ತಂಪ ಇರ್ತಾವು," ಎಂದು ತಮ್ಮ ಆಗಲೇ ಕೇಳಿದ್ದ.

"ಊರಾಗ ಆಚಿ ಮನ್ಯಾಗ ಸೀನಿದ್ರ ಈಚಿ ಮನ್ಯಾಗ ಕೇಳತಿತ್ತು. ಗ್ವಾಡಿ ಸಂಬಂಧ ಅಪ್ಪ ಎಷ್ಟ ಜಗಳಾಡ್ಯಾನ, ಮರತಿ? ಮಳಿಗಾಲದಾಗ ಮಾಳಗಿ ಸೋರಿದ್ರ ಅವ್ವ ಹಾಸಗಿ ಎತ್ತಿಕೊಂಡು ಮೂಲ್ಯಾಗ ಕುಂದರತಿದ್ಲು. ಆ ಮಣ್ಣಿನ ಬಾಳು ಸಾಕಾಗೇತಿ ನನಗ," ಎಂದಿದ್ದ ಗೂಳಪ್ಪ.

"ಸೋರತಿತ್ತು, ಖರೆ," ಎಂದಿದ್ದ ಚನಮಲ್ಲಪ್ಪ.

ಅದೇ ಸಂಜೆ ಗೂಳಪ್ಪ ಎರಡು ಜಾಗಗಳ ನಡುವೆ ಕಲ್ಲು ಸಾಲಾಗಿ ಇಟ್ಟಿದ್ದ. ಅಂದಿನಿಂದ ಅಣ್ಣತಮ್ಮಂದಿರ ಮಾತು ನಿಂತಿತ್ತು.

ಹಿನ್ನೀರು ಬರುವ ಮುಂಚೆ ಚನಮಲ್ಲಪ್ಪ ಹಳೆಯ ಮನೆಯ ತನ್ನ ಪಾಲಿನ ಕಲ್ಲು, ಬಾಗಿಲು, ಕಂಬ, ತೊಲೆ ಎಲ್ಲವನ್ನೂ ಬಂಡಿಯಲ್ಲಿ ಹೇರಿಕೊಂಡು ಬಂದಿದ್ದ. ಗೂಳಪ್ಪ ತನ್ನ ಪಾಲನ್ನು ಮುಧೋಳದ ವ್ಯಾಪಾರಿಗೆ ಮಾರಿದ್ದ. ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡೇ ಚನಮಲ್ಲಪ್ಪ, ಅವನ ಹೆಂಡತಿ ಅನಸವ್ವ ಇಬ್ಬರೂ ಮನೆ ಕಟ್ಟತೊಡಗಿದರು. ಮಣ್ಣಿಗೆ ಹೊಟ್ಟು ಕಲೆಸಿ, ನೆನೆಹಾಕಿ, ಕಾಲಿನಿಂದ ತುಳಿದರು. ಮೊಳಕ್ಕೂ ಮಿಗಿಲು ದಪ್ಪದ ಕಲ್ಲುಗೋಡೆ ಎದ್ದಿತು. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಹಲಗೆ, ಬೇವಿನ ಸೊಪ್ಪು, ಮಣ್ಣು. ಅಣ್ಣ ಆಡಿದ ಮಾತು ನೆನಪಿತ್ತೋ ಏನೋ, ಮಾಳಿಗೆ ಸೋರದಂತೆ ಮೇಲೆ ಸುಣ್ಣದ ಗಾರೆ ಬಡಿದು ನೀರು ಜಾರಿಹೋಗುವಂತೆ ಇಳಿಜಾರು ಕೊಟ್ಟಿದ್ದ. ನಡುವೆ ಒಂದು ಬೆಳಕಿಂಡಿ. ಡ್ಯೂಟಿ ಮುಗಿಸಿ ಬರುವಾಗ ಗೂಳಪ್ಪ ಅತ್ತ ನೋಡದವನಂತೆ ನೋಡುತ್ತಿದ್ದ. ಕಲ್ಲಿನ ಸಾಲು ದಾರ ಹಿಡಿದಂತೆ ನೆಟ್ಟಗಿರುತ್ತಿತ್ತು. ಒಳ್ಳೆಯ ಕೆಲಸ ಎಂದು ಮನಸ್ಸು ಹೇಳುತ್ತಿತ್ತು, ಬಾಯಿ ಹೇಳುತ್ತಿರಲಿಲ್ಲ. ಗೂಳಪ್ಪನ ಗೋಡೆಗೆ ತಾಗಬೇಕಾದ, ಕಂಬಗಳ ನಡುವಿನ ಕಡೆಯ ಅಂಕಣ ಮಾತ್ರ ಹಾಗೇ ಬಯಲಾಗಿ ಉಳಿದಿತ್ತು. ಅಲ್ಲಿಂದ ಇಳಿಹೊತ್ತಿನ ಬಿಸಿಲು ನೇರವಾಗಿ ಬಂದು ಬಾಣಂತಿಯ ಕೋಣೆಯ ಗೋಡೆಯನ್ನು ಕಾಯಿಸುತ್ತಿತ್ತು.

ಶೇವಂತಿ ಕೆಳಗಿಳಿಯುವಾಗ ಹಿತ್ತಲ ಬಾಗಿಲಲ್ಲಿ ಅನಸವ್ವ ಸೆರಗು ಮುಂದೆಳೆದುಕೊಂಡು ನಿಂತಿದ್ದಳು. ಗಂಡನ ಅಣ್ಣನ ಜೊತೆ ನೇರ ಮಾತಾಡುವ ರೂಢಿ ಇಲ್ಲ.

"ಅಕ್ಕಾ, ಪಡಸಾಲಿ ಸಾರಿಸೀನಿ. ಕೂಸಿನ ದನಿ ಕೇಳಾಕ ಆಗವಲ್ದು. ರೇಷ್ಮಾನ್ನ ಅಲ್ಲಿಗೆ ಕರಕೊಂಡ ಬರ್ರಿ."

ಗೂಳಪ್ಪ ಅಂಗಳದಿಂದ ಬಂದು ನಡುವೆ ಬಾಯಿ ಹಾಕಿದ. "ಹಸಿ ಬಾಣಂತಿ ತವರಮನಿ ಹೊಸ್ತಲಾ ದಾಟಬಾರದು. ಬೀಗರು ಬಂದು ಕೇಳಿದ್ರ ಮಗಳನ್ನ ಎಲ್ಲಿ ತೋರಸಲಿ?"

ಅನಸವ್ವ ಶೇವಂತಿಯ ಮುಖವನ್ನೇ ನೋಡುತ್ತ ಹೇಳಿದಳು. "ನಂದೂ ಆಕಿ ತವರಮನಿನ ಅಲ್ಲೇನಕ್ಕಾ? ಬಾವಾರನ್ನ ಕೇಳ್ರಿ."

ಶೇವಂತಿ ಕೇಳಲಿಲ್ಲ. ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡಳು. ರೇಷ್ಮಾ ಚಿಕ್ಕವ್ವನ ಹೆಗಲು ಹಿಡಿದು, ಸಾಲುಗಲ್ಲು ದಾಟಿ ನಡೆದಳು.

ಗೂಳಪ್ಪ ಖಾಲಿ ಕೋಣೆಯಲ್ಲಿ ಕುಳಿತ. ತಲೆಯ ಮೇಲೆ ಕಬ್ಬಿಣದ ಕೊಂಡಿ. ಮೊಮ್ಮಕ್ಕಳ ತೊಟ್ಟಿಲಿಗೆಂದು ಸ್ಲ್ಯಾಬು ಹಾಕುವಾಗಲೇ ಕೂರಿಸಿದ್ದು. ಮಂಚ ಹತ್ತಿ ಮುಟ್ಟಿದ, ಕೈ ಚುರ್ ಎಂದಿತು. ಒಂಟಿಯಾಗಿ ಆ ಕೋಣೆಯಲ್ಲಿ ಬಹಳ ಹೊತ್ತು ಕೂರಲು ಅವನಿಂದ ಆಗಲಿಲ್ಲ.

ತಮ್ಮನ ಬಾಗಿಲು ದಾಟಿದ ಕೂಡಲೇ ಒದ್ದೆ ಮಣ್ಣಿನ ತಂಪು ಮುಖಕ್ಕೆ ತಾಗಿತು. ಬೆಳಕಿಂಡಿಯಿಂದ ರೊಟ್ಟಿಯಗಲದ ಬಿಸಿಲು ನೆಲಕ್ಕೆ ಬಿದ್ದಿತ್ತು. ಮೂಲೆಯಲ್ಲಿ ಗೋಡೆಗೊರಗಿ ರೇಷ್ಮಾ ಕುಳಿತಿದ್ದಳು. ಕೂಸು ಮೊಲೆ ಹಿಡಿದು ಚಪ್ಪರಿಸುತ್ತಿತ್ತು. ಆ ಸಪ್ಪಳ ಬಿಟ್ಟರೆ ಮನೆಯಲ್ಲಿ ಬೇರೆ ಸಪ್ಪಳವಿರಲಿಲ್ಲ.

"ಬಾ ಅಣ್ಣಾ," ಎಂದ ಚನಮಲ್ಲಪ್ಪ, ನಿನ್ನೆಯಷ್ಟೇ ಮಾತಾಡಿದವನಂತೆ.

ಗೂಳಪ್ಪ ತಲೆ ಎತ್ತಿದ. ನಡುತೊಲೆಯಲ್ಲಿ ಹಗ್ಗ ಸವೆಸಿದ ಗೆರೆ ನುಣ್ಣಗೆ ಹೊಳೆಯುತ್ತಿತ್ತು. "ಇದು ನಮ್ಮ ಪಡಸಾಲೀದು ಅಲ್ಲೇನು?"

"ಹೌದು. ನಮ್ಮಿಬ್ಬರನ್ನೂ ಅವ್ವ ಅದಕ್ಕ ತೊಟ್ಟಿಲ ಕಟ್ಟಿ ತೂಗ್ಯಾಳ."

"ನನ್ನ ಪಾಲಿನ ತೊಲಿ ಯಾರ ಮನ್ಯಾಗ ಐತೋ ಏನೋ," ಎಂದ ಗೂಳಪ್ಪ. ಆಮೇಲೆ ಕೇಳಿದ. "ಆ ಕಡೀ ಅಂಕಣ ಯಾಕ ಹಂಗ ಬಿಟ್ಟಿ?"

ಚನಮಲ್ಲಪ್ಪ ಹೊರಗೆ ನೋಡಿದ. "ಕಲ್ಲ ಸಾಲಲಿಲ್ಲ ಅಣ್ಣಾ."

ಮನೆಗೆ ಮರಳುವಾಗ ಗೂಳಪ್ಪನ ಕಣ್ಣಿಗೆ ತಮ್ಮನ ಹಿತ್ತಲು ಬಿತ್ತು. ಹಳೆಯ ಊರಿನ ಕಲ್ಲು ಎದೆಯೆತ್ತರಕ್ಕೆ ಒಟ್ಟಿತ್ತು.

ಮರುದಿನ ಅವನು ಡ್ಯೂಟಿಗೆ ಹೋಗಲಿಲ್ಲ. ಬಿಸಿಲೇರುವ ಮುಂಚೆ ತೊಟ್ಟಿಲನ್ನು ಹೊತ್ತೊಯ್ದು ತಮ್ಮನ ಪಡಸಾಲೆಯಲ್ಲಿ ಇಳಿಸಿದ. ಹೊರಗೆ ಬಂದು ತಾನೇ ಇಟ್ಟಿದ್ದ ಸಾಲುಗಲ್ಲಿನಲ್ಲಿ ಒಂದನ್ನು ಕಿತ್ತು ಹೆಗಲಿಗೇರಿಸಿಕೊಂಡು ಬಯಲು ಅಂಕಣದಲ್ಲಿ ನಿಂತ.

"ಕಲ್ಲ ಸಾಲಲಿಲ್ಲ ಅಂದಿದ್ದ್ಯಲ್ಲ. ಎಲ್ಲಿ ಇಡಲಿ?"

"ನಿನ್ನ ಗ್ವಾಡಿ ಬುಡಕ್ಕ ಇಡು," ಎಂದು ಚನಮಲ್ಲಪ್ಪ ಮಣ್ಣಿನ ಬುಟ್ಟಿ ಎತ್ತಿಕೊಂಡ.