ಕೈತುತ್ತಿನ ಗಂಗಾಳ

ನಾನೊಂದು ಕಂಚಿನ ಗಂಗಾಳ. ನಾಗಮಂಗಲದ ಕುಲುಮೆಯಲ್ಲಿ ಬೆಂದು, ಸುತ್ತಿಗೆಯ ಏಟು ತಿಂದು ಅಗಲವಾದೆ. ಕಂಚುಗಾರ ನನ್ನನ್ನು ಬೆರಳಿನಿಂದ ಮೀಟಿ, ನಾದ ಕೇಳಿ, ಶಿವನನ್ನು ನೆನೆದು ಕೆಳಗಿಟ್ಟ. ಪುಟ್ನಂಜಮ್ಮನ ಮದುವೆಗೆ ತವರಿನ ಬಳುವಳಿಯಾಗಿ ಬಂದೆ.

ಆ ಮನೆಯಲ್ಲಿ ನನ್ನ ಕೆಲಸ ಒಂದೇ, ಕೈತುತ್ತು. ದೀಪ ಹಚ್ಚಿದ ಮೇಲೆ ಮಕ್ಕಳು ಸುತ್ತ ಕೂತು ಅಂಗೈ ಚಾಚುವರು. ಪುಟ್ನಂಜಮ್ಮ ನನ್ನೊಳಗೆ ಅನ್ನ, ಸೊಪ್ಪಿನ ಸಾರು ಕಲಸಿ, ಮೊದಲ ತುತ್ತನ್ನು ದೇವರಿಗೆಂದು ನನ್ನ ಅಂಚಿನಲ್ಲಿಟ್ಟು, ಕಥೆ ಶುರುಮಾಡುವಳು. ಕೇಳುವವರು ಹೂಂಗುಡಬೇಕು. ಹೂಂ ಇಲ್ಲದಿದ್ದರೆ ಕಥೆಯೂ ಇಲ್ಲ, ತುತ್ತೂ ಇಲ್ಲ.

"ಹೂಂ ಅನ್ರೋ ಮೂದೇವಿಗಳಾ, ನಾನೇನು ಗೋಡೆಗೆ ಹೇಳ್ತಿದ್ದೀನಾ?"

ಎಲ್ಲರಿಗಿಂತ ಜೋರಾಗಿ ಹೂಂಗುಡುತ್ತಿದ್ದವನು ಮಗ ನಿಂಗರಾಜು.

ದೊಡ್ಡವನಾಗಿ ಅವನು ಮಂಡ್ಯದಲ್ಲಿ ಮನೆ ಮಾಡಿದ. ತಾಯಿಯೊಂದಿಗೆ ನಾನೂ ಹೋದೆ. ಅವನ ಮಗಳು ಮೋನಿಷಾ ಉಣ್ಣಲು ಹಟ ಮಾಡಿದ ದಿನ, ಅವನೇ ನನ್ನ ಅಂಚಿಗೆ ಮೊಬೈಲ್ ಒರಗಿಸಿಟ್ಟ.

"ಅವ್ವ, ನೀನು ಕಥೆ ಹೇಳೋ ಹೊತ್ಗೆ ಅನ್ನ ಆರೋಯ್ತದೆ. ಇದ್ನ ನೋಡ್ಕಂಡು ಗಬಗಬ ಅಂತ ಉಂಡ್ಬುಡ್ತಾಳೆ."

ದೇವರ ತುತ್ತು ಇಡುತ್ತಿದ್ದ ಅಂಚು ಅದು! ನನ್ನ ಮೈ ಉರಿಯಿತು.

ಅಂದಿನಿಂದ ಮಗು ಬಾಯಿ ತೆರೆಯುತ್ತಿತ್ತು. ಏನು ತಿಂದೆನೆಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಪುಟ್ನಂಜಮ್ಮ ಮಾತ್ರ ಕಥೆ ಬಿಡಲಿಲ್ಲ. ಒಂದು ಸಂಜೆ, ಕಾಡಿನ ಮನೆಯ ಬಾಗಿಲು ತಟ್ಟಿದ ಕುರುಡು ಹುಡುಗಿಯ ಕಥೆ ನಡೆದಿತ್ತು.

"ಬಾಗ್ಲು ತಟ್ಟುದ್ಲು."

"ಹೂಂ."

ಮಗುವಿನ ಕಣ್ಣು ಮೊಬೈಲಿನಲ್ಲೇ ಇತ್ತು. ಮುದುಕಿ ಆ ಮುಖವನ್ನೇ ನೋಡುತ್ತ ಹೇಳಿದಳು:

"ನಿಮ್ಮಜ್ಜಿ ಸತ್ತೋದ್ಲು."

"ಹೂಂ."

ತುತ್ತು ಅವಳ ಕೈಯಿಂದ ಜಾರಿ ನನ್ನೊಳಗೆ ಬಿತ್ತು. ಪಕ್ಕದಲ್ಲೇ ತನ್ನ ಮೊಬೈಲ್ ತೀಡುತ್ತ ಕೂತಿದ್ದ ನಿಂಗರಾಜನೂ ತಲೆಯೆತ್ತಲಿಲ್ಲ. ಬಾಗಿಲು ತೆರೆದವರು ಯಾರೆಂದು ಅವಳು ಮತ್ತೆ ಹೇಳಲೇ ಇಲ್ಲ. ಮರುವರ್ಷ ನಿಜವಾಗಿಯೂ ಹೊರಟುಹೋದಳು.

ಈಗ ನನ್ನನ್ನು ಟಿ.ವಿ. ಪಕ್ಕದಲ್ಲಿ ಅಲಂಕಾರಕ್ಕೆ ನಿಲ್ಲಿಸಿದ್ದಾರೆ. ಕೂಸಿನ ಮೇಲೆ ನನಗೆ ಮುನಿಸಿಲ್ಲ. ಸಿಟ್ಟೆಲ್ಲ ಮೊಬೈಲ್ ಕೊಟ್ಟ ಕೈಯ ಮೇಲೆ. ಕಥೆ ಉಂಡು ಬೆಳೆದವನೇ ಮಗಳ ಪಾಲಿನ ತುತ್ತು ಕಸಿದನಲ್ಲ!

ಮೊನ್ನೆ ಕರೆಂಟ್ ಹೋಗಿ, ಚಾರ್ಜು ಮುಗಿದು ಮೊಬೈಲೂ ಆರಿತು. ಮೋನಿಷಾ ನನ್ನ ಮುಂದೆ ಬಂದು ನಿಂತಳು.

"ಅಪ್ಪ, ಅಜ್ಜಿ ಕಥೇಲಿ ಬಾಗ್ಲು ತೆಗ್ದಿದ್ದು ಯಾರು?"

ಕೇಳಿಸಿಕೊಂಡಿತ್ತು ಕೂಸು! ನಿಂಗರಾಜು ತಲೆ ಕೆರೆದುಕೊಂಡ. ಎಷ್ಟೋ ಸಲ ಹೂಂಗುಟ್ಟಿದ ಕಥೆ ಅವನಿಗೆ ಮರೆತೇಹೋಗಿತ್ತು.

"ಕರೆಂಟ್ ಬರ್ಲಿ ತಡಿ ಮಗ, ಮೊಬೈಲಲ್ಲಿ ಹುಡ್ಕನ."

ಅಯ್ಯೋ ಮುಠ್ಠಾಳ! ನನಗೆ ಗೊತ್ತು ಆ ಕಥೆ. ಆದರೆ ಕಂಚಿಗೆ ನಾದವಿದೆ, ನಾಲಿಗೆಯಿಲ್ಲ.

ಮೋನಿಷಾ ನನ್ನನ್ನು ಬೆರಳಿನಿಂದ ಮೀಟಿದಳು. ಇದ್ದ ಸಿಟ್ಟನ್ನೆಲ್ಲ ಸೇರಿಸಿ ಮೊಳಗಿದೆ. ನಾದ ಆರುವವರೆಗೂ ಕಿವಿಗೊಟ್ಟು, ಮಗು ಮೆಲ್ಲನೆ ಅಂದಿತು:

"ಹೂಂ. ಆಮೇಲೆ?"